ತಾನಾಗಿ ತೆರೆಯುವ ಪುಟ

ಹರಿಹರ
13 ಜೂನ್ 1960

ಕರ್ತನಲ್ಲಿ ಪ್ರಿಯಳಾದ ಸೊಸೆ ಕೃಪಾವತಿಗೆ ನಿನ್ನ ಸೋದರಮಾವ ಯಾಕೋಬಪ್ಪನ ಆಶೀರ್ವಾದಗಳು.

ನೀನು ಬಸ್ಸು ಹತ್ತಿ ವಾರವಾಯಿತು. ದಾವಣಗೆರೆ ಏನು ದೂರ? ಹೊಳೆ ದಾಟುವ ಕೆಲಸವೂ ಇಲ್ಲ, ಒಂಬತ್ತು ಮೈಲಿ. ಆದರೂ ನಿಮ್ಮವ್ವ ನಿರ್ಮಲ ಬೆಳಗೆದ್ದು ಬಾಗಿಲಲ್ಲಿ ನಿಲ್ಲುತ್ತಾಳೆ, ನೀನು ಹಡಗು ಹತ್ತಿ ಹೋದವಳೇನೋ ಅನ್ನುವ ಹಾಗೆ.

ಗೊತ್ತಿರುವುದನ್ನೇ ಮತ್ತೆ ಹೇಳುವುದು ಮೇಷ್ಟರ ಚಾಳಿ, ಸಹಿಸಿಕೋ. ನಮ್ಮ ಸಭೆಯಲ್ಲಿ ಯಾರಾದರೂ ಪದವಿ ಪಡೆದರೆ ಕೃತಜ್ಞತೆಯ ಭಾನುವಾರ ತಮ್ಮ ಮನೆಯ ಸತ್ಯವೇದವನ್ನು ಹೊತ್ತು ಮುಂದೆ ಬರಬೇಕು. ಕಣ್ಣು ಮುಚ್ಚಿ ತೆರೆಯಬೇಕು. ಬೆರಳು ಬಿದ್ದ ಮಾತನ್ನು ಆರಾಧನೆ ನಡೆಸುವ ಅಯ್ಯಗಾರರು ಗಟ್ಟಿಯಾಗಿ ಓದುತ್ತಾರೆ. ಅದೇ ಬಾಳಿನ ಗುರಿ. ಹಳೆಯ ಪಾದ್ರಿ ದೊರೆಗಳು ಹಾಕಿಕೊಟ್ಟ ಈ ಪದ್ಧತಿ ಇದುವರೆಗೆ ನಡೆದದ್ದು ಎರಡೇ ಸಲ, ಯಾಕೆಂದರೆ ಪದವೀಧರರು ಇಬ್ಬರೇ. 1938ರಲ್ಲಿ ನಾನು, ಈಗ ನೀನು. ನನ್ನ ಬೆರಳು ಬಿದ್ದದ್ದು ಕರ್ತನು ಶಿಷ್ಯನಿಗೆ ತನ್ನ ಕುರಿಗಳನ್ನು ಮೇಯಿಸು ಎಂದ ಕಡೆ. ಅಂದಿನಿಂದ ಸಭೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಯಿಸುತ್ತಿದ್ದೇನೆ. ಕೆಲವು ವರ್ಷ ಕುರಿಗಳೇ ನನ್ನನ್ನು ಮೇಯಿಸಿವೆ.

ನಿನ್ನ ಬೆರಳು ಬಿದ್ದದ್ದು ಪ್ರವಾದಿ ಯೋನನ ಮೇಲೆ. ಎದ್ದು ಆ ದೊಡ್ಡ ಪಟ್ಟಣಕ್ಕೆ ಹೋಗಿ ಕೂಗು ಅಂತ. ಸುಳ್ಳು ಯಾಕೆ ಹೇಳಲಿ, ನನಗೆ ಕಸಿವಿಸಿಯಾಯಿತು. ನಮ್ಮ ಶಾಲೆಯಲ್ಲಿ ನಿನಗೆಂದೇ ಒಂದು ಕುರ್ಚಿ ಖಾಲಿ ಇಟ್ಟುಕೊಂಡು ಕೂತಿದ್ದೆ. ಹಿರಿಯರು ಸೇರಿ ಅರ್ಥ ಮಾಡಿದರು: ಹರಿಹರದವರಿಗೆ ದಾವಣಗೆರೆಯೇ ಮಹಾಪಟ್ಟಣ. ಯೋನನ ಆ ನಿನೆವೆ ಪಟ್ಟಣಕ್ಕೆ ಹೋಗಲು ಪಾಸ್‌ಪೋರ್ಟು ಬೇಕು, ಇದಕ್ಕೆ ಬಸ್ಸಿನ ಟಿಕೀಟು ಸಾಕು. ಒಂದು ವರ್ಷ ಅಲ್ಲಿರು. ಬರುವ ಕೃತಜ್ಞತೆಯ ಭಾನುವಾರ ಸಭೆಯೆದುರು ನಿಂತು ಏನು ಮಾಡಿದೆ ಎಂದು ಹೇಳು. ಹೇಳಲು ಏನೂ ಇಲ್ಲವಾದರೆ ಕುರ್ಚಿ ಕಾಯುತ್ತಿರುತ್ತದೆ.

ಪದವಿ ಬಂದರೆ ಆಯಿತೆ ಕೃಪಾ, ಪಾದಕೆ ಬೇಕು ದಾರಿ;
ಗುರಿಯಿಲ್ಲದವ ಸುತ್ತುವನಂತೆ ಸಂತೆಯ ಮೂರು ಸಾರಿ.

ಯಾವ ಶಾಲೆ, ಯಾರ ಮನೆ, ಆರಾಧನೆಗೆ ಎಲ್ಲಿಗೆ ಹೋಗುತ್ತೀ, ಎಲ್ಲ ಬರೆ.

ನಿನ್ನ ಮಾವ
ಯಾಕೋಬಪ್ಪ


ದಾವಣಗೆರೆ
24 ಜೂನ್ 1960

ಪ್ರೀತಿಯ ಮಾವನಿಗೆ ಕೃಪಾ ಮಾಡುವ ವಂದನೆಗಳು.

ಮಂಡಿಪೇಟೆಯ ಹಿಂದಿನ ಬೀದಿಯಲ್ಲಿ ಸರ್ವಮಂಗಳಮ್ಮ ಅನ್ನುವವರ ಮನೆಯ ಹಿತ್ತಿಲ ಕೋಣೆ ಸಿಕ್ಕಿದೆ. ಶಿವಭಕ್ತರು. ಗಂಡ ಹತ್ತಿ ವ್ಯಾಪಾರ ಮಾಡುತ್ತಿದ್ದರಂತೆ, ಈಗ ಅವರಿಲ್ಲ. ಕೋಣೆ ಕೇಳಲು ಹೋದಾಗ ನೇರವಾಗಿ ಕೇಳಿದರು: “ಯಾವ ಪೈಕಿ ಆತವ್ವ ನೀವು?” ಹೇಳಿದೆ. ಸ್ವಲ್ಪ ಹೊತ್ತು ನನ್ನ ಬರಿ ಹಣೆ ನೋಡಿದರು. “ಇರ್ಲಿ. ಮಾಂಸ ಬೇಯಿಸಂಗಿಲ್ಲ. ನನ್ನ ನೀರಿನ ಕೊಡ ಮುಟ್ಟಂಗಿಲ್ಲ. ಹಾಡು ಹಾಡ್ಕೋಬೌದು, ರಾಗ ಸರಿ ಇದ್ರೆ.” ಒಪ್ಪಿದೆ. ಈಗ ಭಾನುವಾರ ನಾನು ಹಾಡಿದರೆ ಒಳಗಿನಿಂದ ತಪ್ಪು ತಿದ್ದುತ್ತಾರೆ.

ಕೆಲಸ ಸಿಕ್ಕಿದೆ. ಮಕ್ಕಳ ನಡುವೆ. ಬೆಳಿಗ್ಗೆ ಗಿರಣಿಯ ಕೂಗಿಗೆ ಏಳುತ್ತೇನೆ. ಈ ಊರಿನಲ್ಲಿ ಕೋಳಿಗೂ ಅದೇ ಗಡಿಯಾರ.

ಒಂದು ಮಾತು, ಮಾವ. ಆ ಭಾನುವಾರ ನಾನು ವೇದ ತೆರೆದೆ ಅನ್ನುವುದಕ್ಕಿಂತ ಅದೇ ಬಾಯಿ ಬಿಟ್ಟಿತು ಅನ್ನಿಸಿತು. ನಿಮಗೂ ನಿಮ್ಮ ದಿನ ಹಾಗನ್ನಿಸಿತ್ತೇ?

ಅವ್ವನಿಗೆ ಹೇಳಿ, ಚೆನ್ನಾಗಿ ಉಣ್ಣುತ್ತಿದ್ದೇನೆ.

ಕೃಪಾ


ಹರಿಹರ
18 ಜುಲೈ 1960

ಚಿರಂಜೀವಿ ಕೃಪಾವತಿಗೆ,

ನಿನ್ನ ಕಾಗದದಲ್ಲಿ ಮಂಡಿಪೇಟೆಯ ಮೆಣಸಿನಕಾಯಿ ಘಾಟಿದೆ, ಸರ್ವಮಂಗಳಮ್ಮನ ಕೊಡವಿದೆ, ಶಾಲೆಯ ಹೆಸರು ಮಾತ್ರ ಇಲ್ಲ. ಮರೆತಿರಬೇಕು ಎಂದುಕೊಂಡೆ. ನೀನು ಮರೆಯುವವಳಲ್ಲ ಎಂದು ಆಮೇಲೆ ನೆನಪಾಯಿತು.

ಹಾಗಾಗಿ ನಾನೇ ವಿಚಾರಿಸಿದೆ. ದಾವಣಗೆರೆಯ ಮೇಷ್ಟರುಗಳಲ್ಲಿ ಅರ್ಧ ಜನ ನನಗೆ ಪರಿಚಯ. ಉಳಿದರ್ಧ ಜನಕ್ಕೆ ನನ್ನ ಪ್ರಾಸಗಳು ಪರಿಚಯ, ದೂರದಿಂದಲೇ ಕೈ ಮುಗಿಯುತ್ತಾರೆ. ಯಾರ ಶಾಲೆಯಲ್ಲೂ ಕೃಪಾವತಿ ಬಿ.ಎ. ಎನ್ನುವವಳು ಪಾಠ ಮಾಡುತ್ತಿಲ್ಲ. ಹಾಗಿದ್ದರೆ ‘ಮಕ್ಕಳ ನಡುವೆ’ ಅಂದರೆ ಏನು? ಯಾವ ಮಕ್ಕಳು, ಯಾರ ಮಕ್ಕಳು? ಸಂತೆಯಲ್ಲಿ ನಿಂತರೂ ಮಕ್ಕಳ ನಡುವೆಯೇ ಇರುತ್ತೇವೆ.

ಹೇಳಿದ್ದು ಅರ್ಧ, ನುಂಗಿದ್ದು ಅರ್ಧ, ನಡುವೆ ನಿಂತಿದೆ ನೆವ;
ಮುಚ್ಚಿದ ಬೋಗುಣಿಯೊಳಗಿರುವುದು ಹಾಲೋ, ಹಾವೋ, ಶಿವ ಶಿವ.

ಕೊನೆಯ ಎರಡು ಶಬ್ದ ಪ್ರಾಸಕ್ಕಾಗಿ ಬಂದದ್ದು, ಅಯ್ಯಗಾರರಿಗೆ ತೋರಿಸಬೇಡ.

ವೇದದ ವಿಷಯ ಕೇಳಿದೆಯಲ್ಲ. ಹೌದು, ನನಗೂ ತಾನಾಗೇ ತೆರೆದಿತ್ತು. ಮೈ ಜುಮ್ಮೆಂದಿತ್ತು. ಮೈಸೂರಿನ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಬಾ ಎಂದು ಆಗ ಕರೆ ಬಂದಿತ್ತು. ಆ ಪುಟ ತೆರೆದ ಮೇಲೆ ಬರುವುದಿಲ್ಲ ಎಂದು ಬರೆದು ಹಾಕಿದೆ. ಪವಿತ್ರಾತ್ಮನ ನಡೆಸುವಿಕೆ ಹಾಗೇ ಇರುತ್ತದೆ. ಅದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಅನುಮಾನವಿರುವುದು ಶಾಲೆಯ ಹೆಸರಿನಲ್ಲಿ.

ಯಾಕೋಬಪ್ಪ


ದಾವಣಗೆರೆ
6 ಆಗಸ್ಟ್ 1960

ಮಾವನಿಗೆ ವಂದನೆಗಳು.

ಊರಿನ ಮೇಷ್ಟರನ್ನೆಲ್ಲ ವಿಚಾರಿಸಿದ್ದೀರಿ. ಪೊಲೀಸ್ ಠಾಣೆ ಒಂದು ಬಿಟ್ಟಿದ್ದೀರಿ, ಅದಕ್ಕೂ ಒಂದು ಕಾರ್ಡು ಹಾಕಿಬಿಡಿ.

ಶಾಲೆ ಎಂದು ನಾನು ಬರೆದೇ ಇರಲಿಲ್ಲ. ನಾನು ಮಾಡುವುದನ್ನು ಕೇಳಿದರೆ ನೀವು ಮೊದಲು ನಗುತ್ತೀರಿ, ಆಮೇಲೆ ಪ್ರಾಸ ಕಟ್ಟುತ್ತೀರಿ, ಕೊನೆಗೆ ಬೇಜಾರು ಮಾಡಿಕೊಳ್ಳುತ್ತೀರಿ. ಈ ಮೂರಕ್ಕೂ ಈಗ ನನಗೆ ಶಕ್ತಿಯಿಲ್ಲ. ಹೇಳುವಷ್ಟು ಆದಾಗ ಹೇಳುತ್ತೇನೆ.

ಒಂದು ಉಪಕಾರ ಮಾಡಿ. ನಮ್ಮ ಮನೆಯ ದೊಡ್ಡ ವೇದ, ಚಿತ್ರಗಳಿರುವುದು, ಕೆಲವು ದಿನ ನನಗೆ ಬೇಕು.

ಕೃಪಾ


ಹರಿಹರ
22 ಆಗಸ್ಟ್ 1960

ಕೃಪಾವತಿಗೆ,

ಕೋಪದಿಂದ ಬರೆಯಲು ಕೂತಿದ್ದೆ. ನಿನ್ನ ಕಡೆಯ ಸಾಲು ನೋಡಿ ತಣ್ಣಗಾದೆ. ವೇದ ಕೇಳಿದ ಹುಡುಗಿ ದಾರಿ ತಪ್ಪಿರಲಾರಳು. ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ್ದೇನೆ, ಇಷ್ಟು ಹೊತ್ತಿಗೆ ಸೇರಿರಬೇಕು.

ನಿಮ್ಮವ್ವನದೇ ರಗಳೆಯಾಯಿತು. ಬಟ್ಟೆಯಲ್ಲಿ ಕಟ್ಟಿಕೊಡು ಎಂದರೆ ಮುಖ ಬಿಳಿಚಿಕೊಂಡಳು. “ಅದನ್ಯಾಕ ಕಳಸ್ತಿ ಅಣ್ಣ? ಹಳೇದು, ಹರಿತೈತೆ.” ಮತ್ತೊಂದು ಗಳಿಗೆಗೆ, “ಬಸ್ಸಿನಾಗೆ ಕಳದ್ರೆ?” ಆಮೇಲೆ, “ಸಣ್ಣದು ಐತಲ್ಲ, ಅದನ್ನ ಕಳಸು. ಅಕ್ಷರ ಎಲ್ಲಾ ಒಂದೇ ಅಲ್ಲೇನು?” ಅಕ್ಷರ ಬಾರದವಳ ಬಾಯಲ್ಲಿ ಈ ಮಾತು ಕೇಳಿ ನಕ್ಕೆ. ನಿಮ್ಮಜ್ಜ ಗುಡ್ಡಪ್ಪನಿಗೆ ಪಾದ್ರಿ ದೊರೆಗಳು ಕೊಟ್ಟ ವಸ್ತು; ಅಪ್ಪನ ನೆನಪು ಮನೆ ಬಿಟ್ಟು ಹೋಗುತ್ತದಲ್ಲ ಎಂದು ಅವಳ ಸಂಕಟ. ಹೆಣ್ಣು ಹೃದಯ.

ಮೊದಲು ನಗುತ್ತೇನೆ ಎಂದೆಯಲ್ಲ. ನಗುವುದಿಲ್ಲ, ಹೇಳು.

ಯಾಕೋಬಪ್ಪ


ಹರಿಹರ
12 ಸೆಪ್ಟೆಂಬರ್ 1960

ಕೃಪಾವತಿಗೆ,

ವೇದ ಮುಟ್ಟಿತು ಎಂದು ಒಂದು ಸಾಲೂ ಇಲ್ಲ. ಇರಲಿ.

ಕಸ ಗುಡಿಸಿ ದೀಪ ಹಚ್ಚಲು ಸಭೆಯಲ್ಲಿರುವ ನಮ್ಮ ಕಲ್ಲಪ್ಪ ಮೊನ್ನೆ ಮೇಣದ ಬತ್ತಿ ತರಲು ದಾವಣಗೆರೆಗೆ ಬಂದಿದ್ದ. ತಿರುಗಿ ಬಂದವನು ನನ್ನೆದುರು ನಿಂತು ಟವೆಲ್ಲನ್ನು ಹಿಂಡತೊಡಗಿದ, ಅದು ಒಣಗಿಯೇ ಇತ್ತು.

“ಮಾಸ್ತರ್ರೇ, ಹೇಳಬಾರ್ದು.”

“ಹಾಗಾದರೆ ಹೇಳಬೇಡ.”

“ಹೇಳದಿದ್ರೆ ಹೊಟ್ಟಿ ಉಬ್ತೈತ್ರಿ. ನಿಮ್ ಕೃಪವ್ವನ್ನ ಮಂಡಿಪೇಟಿಯಾಗೆ ಕಂಡೆ.” ಆಮೇಲೆ ಅವನು ಹೇಳಿದ್ದನ್ನು ನಾನು ಬರೆಯಲಾರೆ. ಬರೆದರೆ ನಿಜವಾಗಿಬಿಡುತ್ತದೇನೋ ಎಂದು ಭಯ.

ನಿನ್ನ ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಮಲಗುತ್ತೀಯಾ? ಏನಾದರೂ ಮದ್ದು ಗಿದ್ದು ತೆಗೆದುಕೊಳ್ಳುತ್ತಿದ್ದೀಯಾ? ಏನೇ ಆಗಿರಲಿ, ಈ ಮನೆಯ ಬಾಗಿಲಿಗೆ ನಾನು ಅಗಳಿ ಹಾಕಿಲ್ಲ ಎನ್ನುವುದು ನಿನಗೆ ಗೊತ್ತಿರಲಿ. ನಿಮ್ಮವ್ವನಿಗೆ ಏನೂ ಹೇಳಿಲ್ಲ.

ಯಾಕೋಬಪ್ಪ


ದಾವಣಗೆರೆ
20 ಸೆಪ್ಟೆಂಬರ್ 1960

ಮಾವನಿಗೆ,

ನಿಮ್ಮ ಕಾಗದ ಸಾವಿನ ಮನೆಯಿಂದ ಬಂದ ಹಾಗಿದೆ. ನನ್ನ ಆರೋಗ್ಯ ಗುಂಡುಕಲ್ಲು. ಅಗಳಿ ಯಾಕೆ ಹಾಕಬೇಕಿತ್ತು? ಕಲ್ಲಪ್ಪ ಏನು ಕಂಡನೋ, ನಿಮ್ಮ ಅನುಮಾನವೇನೋ, ನನಗೆ ತಿಳಿಯಲಿಲ್ಲ. ನನ್ನದನ್ನು ಹೇಳುತ್ತೇನೆ.

ವೇದ ಬಂದ ದಿನ ಕಣ್ಣು ಮುಚ್ಚಿ ತೆರೆದೆ. ಅದೇ ಪುಟ. ಮತ್ತೆ ತೆರೆದೆ. ಅದೇ. ಎಡಗೈಯಲ್ಲಿ ತೆರೆದೆ, ತಲೆಕೆಳಗು ಮಾಡಿ ತೆರೆದೆ. ಸರ್ವಮಂಗಳಮ್ಮನನ್ನು ಕರೆದು, “ಒಂದ್ಸಲ ಬಿಚ್ರಿ ಅಮ್ಮ” ಎಂದೆ. ಮುಟ್ಟಲು ಮನಸ್ಸಿಲ್ಲದೆ ಸೆರಗಿನ ತುದಿಯಲ್ಲಿ ಎತ್ತಿದರು. “ಹಡಗಿನ ಚಿತ್ರ ಬಂತು ನೋಡವ್ವ” ಎಂದರು. ಯೋನ ಹಡಗು ಹತ್ತುತ್ತಿರುವ ಚಿತ್ರ, ಅದರ ಎದುರಿನ ಪುಟದಲ್ಲಿ ಪಟ್ಟಣಕ್ಕೆ ಹೋಗು ಎನ್ನುವ ಅಪ್ಪಣೆ.

ದೀಪಕ್ಕೆ ಹಿಡಿದು ನೋಡಿದೆ. ಆ ಎರಡು ಪುಟಗಳ ನಡುವೆ ಹೊಲಿಗೆ ಬಿಟ್ಟಿದೆ. ಭಾರದ ಕಬ್ಬಿಣದ್ದೇನನ್ನೋ ಬಹುದಿನ ಇಟ್ಟು ಒತ್ತಿದ್ದಾರೆ. ತುಕ್ಕಿನ ಗುರುತೂ ಇದೆ.

ನಮ್ಮ ಮನೆಯಲ್ಲಿ ಓದಬಲ್ಲವರು ಇಬ್ಬರು, ನೀವು ಮತ್ತು ನಾನು. ನಾನಂತೂ ಇಟ್ಟಿಲ್ಲ. ಯಾವ ಪುಟದಲ್ಲಿ ಯಾವ ಮಾತಿದೆ ಎಂದು ಕತ್ತಲೆಯಲ್ಲೂ ಹೇಳಬಲ್ಲವರು ನೀವು. ಇಡೀ ಸಭೆಯ ಮುಂದೆ ನನ್ನನ್ನು ಕಣ್ಣು ಕಟ್ಟಿ ನಿಲ್ಲಿಸಿ ದೇವರ ಧ್ವನಿಯನ್ನು ನೀವು ಅಣಕ ಮಾಡಿದಿರಾ, ಮಾವ? ಇಲ್ಲ ಎಂದು ಹೇಳಿ, ನಂಬುತ್ತೇನೆ. ಆದರೆ ಪ್ರಾಸದಲ್ಲಿ ಹೇಳಬೇಡಿ.

ಕೃಪಾ


ಹರಿಹರ
1 ಅಕ್ಟೋಬರ್ 1960

ಕೃಪಾವತಿಗೆ,

ಇಲ್ಲ. ಪ್ರಾಸವಿಲ್ಲ.

ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದ್ದೀಯ. ಕಳ್ಳತನಕ್ಕೂ ಒಂದು ಲಾಭ ಬೇಕು. ನಿನಗಾಗಿ ಕುರ್ಚಿ ಒರೆಸಿಟ್ಟುಕೊಂಡು ಕೂತವನು ನಾನು. ಮೋಸವನ್ನೇ ಮಾಡುವುದಿದ್ದರೆ ಮನೆಯಲ್ಲಿರು ಎನ್ನುವ ಪುಟಕ್ಕೆ ಕಬ್ಬಿಣ ಇಡುತ್ತಿದ್ದೆನೇ ಹೊರತು, ಎದ್ದು ಹೋಗು ಎನ್ನುವ ಪುಟಕ್ಕೆ ಇಡುತ್ತಿದ್ದೆನೇ? ನನ್ನ ಮನೆಗೆ ನಾನೇ ಕನ್ನ ಹಾಕುತ್ತೇನೆಯೇ?

ನೀನು ನೇರವಾಗಿ ಕೇಳಿದೆ, ನಾನೂ ಕೇಳುತ್ತೇನೆ. ಕಲ್ಲಪ್ಪ ಹೇಳಿದ್ದು ಹೀಗೆ: “ಕಂಕುಳಾಗೆ ಒಂದು ಕೂಸಿತ್ರಿ.” ಯಾರದೋ ಎತ್ತಿಕೊಂಡಿರಬೇಕು ಎಂದೆ. “ಯಾರದೋ ಎತ್ಕೊಂಡೋರು ಹಂಗೆ ಎತ್ಕಳಲ್ರಿ. ಅದು ಅವ್ರ ಸೆರಗು ಬಾಯಾಗಿಟ್ಕಂಡು ಚೀಪ್ತಿತ್ತು. ಎರಡು ಹಲ್ಲೂ ಬಂದಿದ್ವು.” ಇನ್ನೂ ಇದೆ. ನೀನು ಬೇರು, ಮದ್ದು ಮಾರುವ ಒಂದು ಗ್ರಂಥಿಗೆ ಅಂಗಡಿಯ ಹಿಂಬಾಗಿಲಿನಿಂದ ಬಂದೆಯಂತೆ, ಕೈಯಲ್ಲಿ ಸಣ್ಣ ಪೊಟ್ಟಣ. “ಆ ಹಿಂಬಾಗ್ಲಾಗೆ ಏನು ಮಾರ್ತಾರ ಅಂಬೋದು ಬಜಾರಿಗೇ ಗೊತ್ತೈತ್ರಿ ಮಾಸ್ತರ್ರೇ. ಅಫೀಮು.”

ಹಲ್ಲು ಬಂದ ಕೂಸು ನಿನ್ನದಾಗಿರಲು ಸಾಧ್ಯವಿಲ್ಲ, ನಾಲ್ಕು ತಿಂಗಳ ಹಿಂದೆ ನೀನು ಇಲ್ಲೇ ಇದ್ದೆ. ಹಾಗಿದ್ದರೆ ಕೂಸಿರುವ ಯಾರನ್ನೋ ಮದುವೆಯಾಗಿದ್ದೀಯ. ಮಂಡಿಪೇಟೆಯ ಹೆಂಡತಿ ಸತ್ತ ಸಾಹುಕಾರನೋ? ಅದಕ್ಕೇ ಶಾಲೆಯಿಲ್ಲ, ಅದಕ್ಕೇ ನನ್ನ ಕಾಗದಗಳಿಗೆ ಉತ್ತರವಿಲ್ಲ. ಅಫೀಮು ಯಾರಿಗೆ? ನಿನಗೋ, ಅವನಿಗೋ?

ಹೆತ್ತಪ್ಪ ಸತ್ತ ಮೇಲೆ ನಿನ್ನನ್ನು ಎತ್ತಿ ಆಡಿಸಿದ ಕೈ ಇದು. ಅದಕ್ಕಾದರೂ ನಿಜ ಹೇಳು.

ಯಾಕೋಬಪ್ಪ


ದಾವಣಗೆರೆ
9 ಅಕ್ಟೋಬರ್ 1960

ಮಾವ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಎರಡನೆಯ ಸಲ ಓದುವಾಗ ಹೆಂಡತಿ ಸತ್ತ ಸಾಹುಕಾರನ ಹತ್ತಿರ ಬಂದು ನಕ್ಕೆ. ಸರ್ವಮಂಗಳಮ್ಮನಿಗೆ ಹೇಳಿದೆ. “ಇದ್ರೆ ನನಗೂ ತೋರ್ಸವ್ವ, ಹತ್ತಿ ರೇಟು ಕೇಳೋದೈತೆ” ಎಂದರು.

ಆ ಕೂಸಿನ ಹೆಸರು ಮೈಲಾರಲಿಂಗಪ್ಪ. ಕೂಸಿಗಿಂತ ಹೆಸರೇ ಭಾರ. ತಾಯಿ ರಂಗವ್ವ, ಗಿರಣಿಯಲ್ಲಿ ನೂಲು ಸುತ್ತುವ ವಿಭಾಗದವಳು, ಇಲ್ಲಿ ಅದಕ್ಕೆ ಖಾತೆ ಎನ್ನುತ್ತಾರೆ. ಹೆಂಗಸರು ಪಾಳಿಗೆ ಬಂದಾಗ ಕೂಸುಗಳನ್ನು ಬಿಡಲು ಗಿರಣಿಯಲ್ಲಿ ಒಂದು ಕೋಣೆಯಿದೆ. ಇರಬೇಕೆಂದು ಕಾರ್ಖಾನೆ ಕಾಯಿದೆ ಹೇಳುತ್ತದೆ, ಅದಕ್ಕೆ ಇಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವವಳು ನಾನು. ಹೌದು ಮಾವ, ಬಿ.ಎ. ಓದಿ ತೊಟ್ಟಿಲು ತೂಗುತ್ತೇನೆ. ಈಗ ನಗಿ.

ಮೊದಮೊದಲು ಅದನ್ನು ನಾನು ಗುರಿ ಎಂದುಕೊಂಡಿರಲಿಲ್ಲ. ಸಿಕ್ಕ ಕೆಲಸ, ಒಳ್ಳೆಯದು ಸಿಗುವ ತನಕ. ಕೋಣೆ ಎಷ್ಟು ಶಾಂತವಾಗಿತ್ತೆಂದರೆ, ಎಂಥ ಒಳ್ಳೆಯ ಮಕ್ಕಳು ಎಂದುಕೊಂಡೆ. ಒಂದೂ ಅಳುತ್ತಿರಲಿಲ್ಲ. ಒಂದು ದಿನ ಮೈಲಾರಿ ಮಲಗಿದ್ದವನು ಎಬ್ಬಿಸಿದರೂ ಏಳಲಿಲ್ಲ. ತುಟಿ ನೀಲಿಯಾಗಿತ್ತು. ಎತ್ತಿಕೊಂಡು ಗಿರಣಿ ಡಾಕ್ಟರ ಹತ್ತಿರ ಓಡಿದೆ. ಉಳಿದ. ಡಾಕ್ಟರು, “ಅಫೀಮು ಸ್ವಲ್ಪ ಹೆಚ್ಚಾಗಿದೆ ಅಷ್ಟೆ” ಎಂದರು. ಅಷ್ಟೆ! ಎಲ್ಲ ತಾಯಂದಿರೂ ಪಾಳಿಗೆ ಮುಂಚೆ ಸಾಸಿವೆ ಕಾಳಿನಷ್ಟು ನಾಲಗೆಗೆ ಸವರಿ ತರುತ್ತಾರಂತೆ. ರಂಗವ್ವನನ್ನು ಬೈದೆ. ಅವಳು ಅಳಲಿಲ್ಲ. “ಬೈರಿ. ಅದು ಅತ್ರೆ ನನಗೆ ಮಗ್ಗುಲ ಖಾತೆ ತನಕ ಕೇಳ್ತೈತೆ. ಕೇಳಿದ್ರೆ ಎದಿ ಹಾಲು ಇಳೀತೈತೆ, ಕೈ ನಿಲ್ತೈತೆ. ಕೈ ನಿಂತ್ರೆ ಮೇಸ್ತ್ರಿ ಬಿಡ್ತಾನ್ರಾ? ನೀವ್ ಓದಿದೋರು, ಅದಕ್ಕೇನರ ಮದ್ದು ಹೇಳ್ರಿ.”

ನನ್ನ ಇಷ್ಟು ವರ್ಷದ ಓದಿನಲ್ಲಿ ಅದಕ್ಕೆ ಮದ್ದಿರಲಿಲ್ಲ.

ಆಮೇಲೆ ಮೈಲಾರಿಯನ್ನೇ ಎತ್ತಿಕೊಂಡು ಆ ಅಂಗಡಿಯ ಹಿಂಬಾಗಿಲಿಗೆ ಹೋಗಿ, ‘ಕೂಸಿಗೆ ಬೇಕು’ ಎಂದು ಕೇಳಿದೆ. ಕಣ್ಣು ಮಿಟುಕಿಸದೆ ಕೊಟ್ಟ. ಆ ಪೊಟ್ಟಣವನ್ನು ತಂದು ಗಿರಣಿಯ ಮ್ಯಾನೇಜರ ಮೇಜಿನ ಮೇಲಿಟ್ಟೆ. ತಾಯಂದಿರು ಪಾಳಿಯ ನಡುವೆ ಬಂದು ಹಾಲು ಕುಡಿಸಿ ಹೋಗಲು ಬಿಡಬೇಕು, ಅದೂ ಅದೇ ಕಾಯಿದೆಯಲ್ಲಿದೆ ಎಂದೆ. ಇನ್ನೂ ಜಗ್ಗಾಡುತ್ತಿದ್ದಾರೆ. ಅದು ಮುಗಿಯುವ ತನಕ ನಿಮಗೆ ಬರೆಯಬಾರದು ಎಂದುಕೊಂಡಿದ್ದೆ. ಕಲ್ಲಪ್ಪ ಕಂಡದ್ದು ಆ ದಿನದ ನನ್ನನ್ನು.

ಈಗ ವೇದದ ಮಾತು. ನಿಮ್ಮ ತರ್ಕ ಸರಿ, ಕ್ಷಮಿಸಿ. ನೀವಲ್ಲ, ನಾನಲ್ಲ. ಹಾಗಾದರೆ ಮನೆಯಲ್ಲಿ ಕಬ್ಬಿಣ ಯಾರ ಹತ್ತಿರ ಇದೆ, ಮಾವ?

ಕೃಪಾ


ಹರಿಹರ
14 ನವೆಂಬರ್ 1960

ಪ್ರಿಯ ಕೃಪಾ,

ಒಂದು ತಿಂಗಳು ಬರೆಯಲಿಲ್ಲ. ನಗಲಿಲ್ಲ ಎಂದು ಮೊದಲು ತಿಳಿಸುತ್ತೇನೆ. ಸಾಹುಕಾರನ ವಿಷಯದಲ್ಲಿ ನಾಚಿಕೆಯಾಗಿದೆ. ಕಲ್ಲಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ, ಅವನು ಈ ಸಲ ಟವೆಲ್ಲನ್ನು ನಿಜವಾಗಿಯೂ ಒದ್ದೆ ಮಾಡಿದ.

ನಿನ್ನ ಕಡೆಯ ಪ್ರಶ್ನೆಯನ್ನು ಹಿಡಿದುಕೊಂಡು ಮನೆಯೆಲ್ಲ ನೋಡಿದೆ. ಕಬ್ಬಿಣ ಎಲ್ಲರೆದುರಿಗೇ ಇತ್ತು. ನಿಮ್ಮವ್ವ ಊಟವಾದ ಮೇಲೆ ಎಲೆ ಅಡಿಕೆ ಹಾಕಲು ಕೂತಿದ್ದಳು. ಅಡಕತ್ತರಿ ಕಟಕ್ ಕಟಕ್ ಎನ್ನುತ್ತಿತ್ತು.

“ನಿರ್ಮಲ, ಕೃಪಾ ಪಾಸಾಗೋ ಮುಂಚೆ ಈ ಅಡಕತ್ತರಿ ಎಷ್ಟೋ ದಿನ ಕಾಣ್ತಿರಲಿಲ್ಲ. ಹಲ್ಲು ನೋವು, ಅಡಿಕೆ ಬಿಟ್ಟೀನಿ ಅಂದಿದ್ದೆ.”

ಕಟಕ್ ನಿಂತಿತು. “ಹೂಂ.”

“ಎಲ್ಲಿಟ್ಟಿದ್ದೆ?”

“ಎಲ್ಲಿಟ್ಟಿದ್ದೆ ಅಂತ ನಿನಗೆ ಗೊತ್ತಾಗೈತೆ. ಗೊತ್ತಾಗಿದ್ದನ್ನ ಕೇಳೋದು ಮಾಸ್ತರ್ಕಿ.”

“ನಿನಗೆ ಓದಲು ಬರುವುದಿಲ್ಲವಲ್ಲ. ಆ ಪುಟ ಹೇಗೆ ಗೊತ್ತಾಯಿತು?”

“ಹಡಗಿನ ಚಿತ್ರ ಇತ್ತಲ್ಲಣ್ಣ. ಹಡಗು ಇದ್ದಲ್ಲಿ ಹೋಗೋ ಮಾತು ಇದ್ದೇ ಇರ್ತೈತೆ ಅಂದ್ಕೊಂಡೆ.”

ಕೃಪಾ, ಆ ಹಡಗು ದೇವರು ಹೇಳಿದ ಕಡೆಗೆ ಹೋಗುವ ಹಡಗಲ್ಲ. ಪ್ರವಾದಿ ದೇವರಿಂದ ತಪ್ಪಿಸಿಕೊಂಡು ಓಡುವ ಹಡಗು. ಅದನ್ನು ಅವಳಿಗೆ ಹೇಳಿದೆ. ಬಾಯಿಗೆ ಕೈಯಿಟ್ಟುಕೊಂಡಳು. ಆಮೇಲೆ, “ಅಂತೂ ಹೋಯಿತಲ್ಲ” ಎಂದಳು.

“ಇದು ದೇವರಿಗೆ ಮೋಸ ಅಲ್ಲವೇ?” ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

“ದೇವ್ರಿಗೆ ಕಾಣದಂಗೆ ಮಾಡಿದ್ರೆ ಮೋಸ. ನಾನು ಅವ್ನ ಪುಸ್ತಕದಾಗೆ ಇಟ್ಟೀನಿ, ಅವ್ನ ಕಣ್ಣೆದುರಿಗೆ. ಬ್ಯಾಡಾಗಿದ್ರೆ ತೆಗೀಬೌದಿತ್ತು. ನಿನ್ನ ಶಾಲಿ ಕುರ್ಚಿಗೆ ನನ್ನ ಮಗಳನ್ನ ಅಳತಿ ತಗೊಂಡು ಇಟ್ಟಿದ್ದಿ. ಒಂದ್ಸಲನಾರ ‘ನಿನಗೇನು ಬೇಕವ್ವ’ ಅಂತ ಕೇಳಿದ್ಯಾ?”

ಕೇಳಿರಲಿಲ್ಲ. ಗುರಿಯೆಂದರೆ ಮೇಲಿನಿಂದ ಬರುವುದು, ಮಧ್ಯೆ ಹುಡುಗಿಯನ್ನು ಕೇಳುವುದೇನಿದೆ ಎಂದುಕೊಂಡಿದ್ದೆ.

“ಈ ಉಪಾಯ ನಿನಗೆ ಯಾರು ಕಲಿಸಿದರು?” ಎಂದೆ. ಎಲೆ ಮಡಿಸಿ ಬಾಯಿ ತುಂಬಿಕೊಂಡಳು. ಪ್ರಶ್ನೆ ಕೇಳಿದಾಗ ಅವಳು ಎಲೆ ಹಾಕಿಕೊಂಡರೆ ನನಗೆ ಅನುಮಾನ.

ಈಗ ನಿನ್ನ ಸಂಗತಿ. ನಿನ್ನನ್ನು ಕಳಿಸಿದ್ದು ದೇವರ ಮಾತಲ್ಲ, ಅಡಕತ್ತರಿ. ಆದ್ದರಿಂದ ನೀನು ಬಿಡುಗಡೆಯಾದ ಹಾಗೆ. ವಾಪಸು ಬರುವುದಿದ್ದರೆ ಯಾರೂ ಏನೂ ಅನ್ನಲಾರರು. ಕುರ್ಚಿ ಇದೆ. ಆದರೆ ಈ ಸಲ ಕೇಳುತ್ತಿದ್ದೇನೆ: ನಿನಗೇನು ಬೇಕವ್ವ?

ನಿನ್ನ ಮಾವ


ದಾವಣಗೆರೆ
20 ಜನವರಿ 1961

ಪ್ರೀತಿಯ ಮಾವನಿಗೆ,

ನಿಮ್ಮ ಪ್ರಶ್ನೆಗೆ ಉತ್ತರಿಸಲು ಇಷ್ಟು ದಿನ ಬೇಕಾಯಿತು.

ಮೊದಲು ಅವ್ವನ ಮೇಲೆ ಸಿಟ್ಟು ಬಂತು. ಆಮೇಲೆ ಕಾಲ ಕೆಳಗಿನ ನೆಲವೇ ಹೋದ ಹಾಗಾಯಿತು. ದಣಿದಾಗಲೆಲ್ಲ, ಮ್ಯಾನೇಜರು ಮುಖ ತಿರುಗಿಸಿದಾಗಲೆಲ್ಲ, ‘ನನ್ನನ್ನು ಕಳಿಸಿದ್ದಾರೆ’ ಎಂದುಕೊಂಡು ನಿಲ್ಲುತ್ತಿದ್ದೆ. ಕಳಿಸಿದ್ದು ಅಡಿಕೆ ಕತ್ತರಿಸುವ ಸಾಮಾನು ಎಂದು ತಿಳಿದ ಮೇಲೆ ಯಾವುದನ್ನು ಹಿಡಿದು ನಿಲ್ಲುವುದು? ಭಾನುವಾರ ಹಾಡಲಿಲ್ಲ. ಸರ್ವಮಂಗಳಮ್ಮ ಬಂದು, “ಯಾಕವ್ವ, ರಾಗ ಮರೆತ್ಯಾ?” ಎಂದರು. ಸೋಮವಾರ ಆಯಿತು. ಕೂಸುಗಳು ಬಂದವು. ಅವಕ್ಕೆ ನನ್ನ ಕರೆ ನಿಜವೋ ಸುಳ್ಳೋ ಬೇಕಿರಲಿಲ್ಲ, ಒಣಬಟ್ಟೆ ಬೇಕಿತ್ತು.

ಆಮೇಲೆ ಒಂದು ಕೆಲಸ ಮಾಡಿದೆ. ವೇದ ತೆಗೆದೆ, ಅದೇ ಪುಟ ಬಾಯಿ ಬಿಟ್ಟಿತು, ಈ ಸಲ ಕಣ್ಣು ತೆರೆದುಕೊಂಡು ಮುಂದಕ್ಕೆ ಓದಿದೆ, ಕೊನೆಯ ತನಕ. ನೀವು ಭಾನುವಾರದ ಶಾಲೆಯಲ್ಲಿ ಯೋನನ ಕಥೆಯನ್ನು ದೊಡ್ಡ ಮೀನು ಅವನನ್ನು ನುಂಗುವಲ್ಲಿಗೆ ನಿಲ್ಲಿಸುತ್ತಿದ್ದಿರಿ; ಮಕ್ಕಳಿಗೆ ಮೀನು ಸಾಕು ಎಂದೋ ಏನೋ. ಕೊನೆಯಲ್ಲಿ ದೇವರು ಪ್ರವಾದಿಯನ್ನು ಒಂದು ಪ್ರಶ್ನೆ ಕೇಳುತ್ತಾನೆ. ಎಡಗೈ ಯಾವುದು ಬಲಗೈ ಯಾವುದು ಎಂದು ತಿಳಿಯದ ಅಷ್ಟೊಂದು ಜೀವಗಳಿರುವ ಈ ಪಟ್ಟಣಕ್ಕಾಗಿ ನಾನು ಮರುಗಬಾರದೇ ಎಂದು. ಮಾವ, ಎಡ ಬಲ ತಿಳಿಯದವರು ಯಾರು? ಅವರು ನನ್ನ ಕೋಣೆಯಲ್ಲಿದ್ದಾರೆ. ಮೈಲಾರಿಗೆ ಬಾಯಿ ಯಾವುದು, ಕಾಲ್ಬೆರಳು ಯಾವುದು ಎಂದೂ ತಿಳಿಯದು.

ಪುಟ ತೆರೆದದ್ದು ಕಬ್ಬಿಣದಿಂದ ಇರಬಹುದು. ಓದಿದ್ದು ನಾನು. ನನಗೆ ಬೇಕಾದದ್ದು ಇದು: ಈ ಕೋಣೆಯಲ್ಲಿ ಯಾವ ಕೂಸೂ ಅಫೀಮಿನಿಂದ ಮಲಗಬಾರದು. ಇಷ್ಟು ಸಣ್ಣ ಗುರಿಯನ್ನು ಸಭೆಯ ಮುಂದೆ ಹೇಳಲು ಮೊದಲು ನಾಚಿಕೆಯಾಗುತ್ತಿತ್ತು, ಈಗ ಇಲ್ಲ. ಹೊಸ ವರ್ಷದಿಂದ ತಾಯಂದಿರನ್ನು ಪಾಳಿಯ ನಡುವೆ ಬಿಡುತ್ತಿದ್ದಾರೆ. ರಂಗವ್ವ ಮೊದಲ ದಿನ ಓಡಿ ಬಂದವಳು, ಕೂಸು ಅಳುತ್ತಿದ್ದುದನ್ನು ಕಂಡು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಆ ಪಟ್ಟಣದಲ್ಲಿ ಕೂಗು ಎಂದಲ್ಲವೇ ಇದ್ದದ್ದು? ನಾನು ಕೂಗುತ್ತಿಲ್ಲ. ಅವು ಕೂಗುತ್ತವೆ. ಕೋಣೆ ಈಗ ಸಂತೆಯಾಗಿದೆ.

ಕುರ್ಚಿಯನ್ನು ಬೇರೆಯವರಿಗೆ ಕೊಡಿ. ಬರುವ ಕೃತಜ್ಞತೆಯ ಭಾನುವಾರ ಬರುತ್ತೇನೆ, ಕಣ್ಣು ತೆರೆದೇ ನಿಲ್ಲುತ್ತೇನೆ. ಅವ್ವನನ್ನು ಒಂದು ಸಲ ಕಳಿಸಿ. ಮಗಳನ್ನು ಕಳಿಸಿದ ಊರನ್ನು ಅವಳೂ ನೋಡಲಿ.

ವೇದವನ್ನು ಅದೇ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ. ಮಾವ, ಅದು ಇನ್ನೊಂದು ಕಡೆಯೂ ಸ್ವಲ್ಪ ಬಾಯಿ ಬಿಡುತ್ತದೆ, ಹಿಂದಿನ ಭಾಗದಲ್ಲಿ. ಆ ಪುಟವನ್ನು ನಾನು ಓದಲಿಲ್ಲ. ಅದು ನನ್ನದಲ್ಲ.

ಕೃಪಾ


ಹರಿಹರ
6 ಫೆಬ್ರವರಿ 1961, ಸೋಮವಾರ

ಪ್ರೀತಿಯ ಕೃಪಾ,

ನಿಮ್ಮವ್ವ ನಾಳೆ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. ಗಂಟು ಕಟ್ಟಿ ಮೂರು ದಿನವಾಯಿತು. ಅಡಕತ್ತರಿಯೂ ಅದರಲ್ಲಿದೆ, ನಿನ್ನ ಪುಸ್ತಕಗಳನ್ನು ಜೋಪಾನ ಮಾಡು.

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಓದಿ ವೇದವನ್ನು ಹಾಗೇ ಬಟ್ಟೆಯಲ್ಲಿ ಇಟ್ಟಿದ್ದೆ. ಅನುಮಾನ ನನಗೆ ಹೊಸದಲ್ಲ, ಆದರೆ ಇಷ್ಟು ದಿನ ಅದನ್ನು ಬೇರೆಯವರ ಮೇಲೆ ಖರ್ಚು ಮಾಡುತ್ತಿದ್ದೆ. ನಿನ್ನೆ ಆರಾಧನೆ ಮುಗಿದ ಮೇಲೆ ತೆರೆದೆ. ಹಡಗಿನ ಪುಟವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೆ. ನೀನು ಹೇಳಿದಂತೆ ಹಿಂದಿನ ಭಾಗ ಮೆಲ್ಲಗೆ ಬಾಯಿ ಬಿಟ್ಟಿತು. ಕುರುಬನ ಚಿತ್ರ, ಹೆಗಲ ಮೇಲೆ ಕುರಿ. ಎದುರಿಗೆ ಕುರಿ ಮೇಯಿಸು ಎನ್ನುವ ನನ್ನ ಮಾತು. ನಡುವೆ ದುಂಡಗೆ ಒಂದು ತಗ್ಗು, ಹಳೆಯದು. ಸುತ್ತ ಕಂದು ಬಣ್ಣದ ಪುಡಿಯ ಕಲೆ. ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೆ ವಾಸನೆ ಇರಲಾರದು, ಆದರೂ ಸೀನು ಬಂತು.

ನಿಮ್ಮಜ್ಜ ಗುಡ್ಡಪ್ಪ ಸಾಯುವ ತನಕ ನಶ್ಯ ಏರಿಸುತ್ತಿದ್ದರು. ಹಿತ್ತಾಳೆ ಡಬ್ಬಿ. ಈ ಶಾಲೆಯ ಗಂಟೆ ಹೊಡೆಯುವ ಜವಾನ, ಒಂದಕ್ಷರ ಬಾರದು. ಮೇಷ್ಟರು ಒಳಗೆ ಪಾಠ ಮಾಡುವುದನ್ನು ಮೂವತ್ತು ವರ್ಷ ಹೊರಗೆ ನಿಂತು ಕೇಳಿದವರು.

ಗಂಟು ಕಟ್ಟುತ್ತಿದ್ದ ನಿಮ್ಮವ್ವನ ಮುಂದೆ ವೇದ ಹಿಡಿದೆ. ನೋಡಿದಳು, ಕೂತಳು. “ಆ ಉಪಾಯ ಯಾರು ಕಲಿಸಿದ್ರು ಅಂದ್ಯಲ್ಲ, ಅಣ್ಣ. ನೀನು ಮೈಸೂರಿಂದ ಪಾಸಾಗಿ ಬರೋ ಮುಂಚೆ ಅಪ್ಪ ಡಬ್ಬಿ ಇಡೋದನ್ನ ನಾನು ಕಂಡಿದ್ದೆ. ‘ಯಾರಿಗೂ ಹೇಳಬ್ಯಾಡ ಮಗಾ, ನನ್ ಮಗ ಈ ಶಾಲಿಯಾಗೆ ಮಾಸ್ತರಾಗ್ಬೇಕು, ನಾನು ಗಂಟಿ ಹೊಡೀಬೇಕು, ಅವ್ನು ಒಳಗ ಹೋಗಬೇಕು’ ಅಂದ. ನೀನು ಪತ್ರಿಕಿ ಕೆಲಸ ಬಿಟ್ಟೆ. ಕೊಟ್ಟಿಗ್ಯಾಗೆ ಒಬ್ನೇ ಕೂತು ಅತ್ತೆ. ಅದನ್ನೂ ಕಂಡಿದ್ದೆ. ಅದಕ್ಕೇ ನನ್ನ ಮಗಳಿಗೆ ಹಡಗಿನ ಪುಟ ಹುಡುಕ್ದೆ.”

ಎರಡು ಸಾಲು ಬರೆಯಲು ಕೂತೆ. ಮೊದಲನೆಯದು ಬಂತು:

ಅಪ್ಪನು ಇಟ್ಟ ನಶ್ಯದ ಡಬ್ಬಿ, ಅಪ್ಪಣೆಯೆಂದು ನಾ ನಡೆದೆ;

ಎರಡನೆಯದು ಮುಗಿಯಲಿಲ್ಲ. ಪಡೆದೆ ಎನ್ನಲೋ ಕಳೆದೆ ಎನ್ನಲೋ ತಿಳಿಯಲಿಲ್ಲ.

ಆಮೇಲೆ ನೀನು ಮಾಡಿದ ಹಾಗೆ ಮಾಡಿದೆ. ಕಣ್ಣು ತೆರೆದುಕೊಂಡು ಮುಂದಕ್ಕೆ ಓದಿದೆ. ಮಕ್ಕಳಿಗೆ ಎಷ್ಟೋ ಸಲ ಕಲಿಸಿದ ಭಾಗ. ನನಗಾಗಿ ಓದಿದ್ದು ಮೊದಲ ಸಲ. ಕುರಿ ಮೇಯಿಸು ಎಂದವನು ಆ ಶಿಷ್ಯನಿಗೆ ಇನ್ನೊಂದು ಮಾತು ಹೇಳುತ್ತಾನೆ. ಹುಡುಗನಾಗಿದ್ದಾಗ ನೀನೇ ನಡು ಕಟ್ಟಿಕೊಂಡು ಬೇಕಾದ ಕಡೆ ಹೋಗುತ್ತಿದ್ದೆ. ಮುದುಕನಾದ ಮೇಲೆ ಬೇರೆಯವನು ನಿನ್ನ ನಡು ಕಟ್ಟಿ ನಿನಗೆ ಬೇಡವಾದ ಕಡೆ ಹೊತ್ತುಕೊಂಡು ಹೋಗುತ್ತಾನೆ ಎಂದು. ನನಗೆ ಇದು ತಿರುವುಮುರುವಾಗಿ ಆಯಿತಲ್ಲ ಎನ್ನಿಸಿತು. ಹುಡುಗನಾಗಿದ್ದಾಗಲೇ ಹೊತ್ತುಕೊಂಡು ಹೋದರು.

ಬೆಳಿಗ್ಗೆ ಬೇಗ ಶಾಲೆಗೆ ಬಂದೆ. ನಿನಗೆ ಇಟ್ಟಿದ್ದ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಒಂದು ಕಾಲು ಗಿಡ್ಡ ಇದೆ, ನಿನಗೆ ಹೇಳಿರಲಿಲ್ಲ. ಹೊರಗೆ ಹುಡುಗಿಯರು ಬರುತ್ತಿದ್ದಾರೆ. ಮಲೆಬೆನ್ನೂರು ಕಡೆಯಿಂದ ನಡೆದು ಬರುವ ಒಬ್ಬಳು ಕಾಗುಣಿತವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ, ‘ಖ’ಕ್ಕೆ ಬಂದು ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಅವಳಿಗೆ ನನ್ನ ಪುಟದ ಸಂಗತಿ ಬೇಕಿಲ್ಲ.

ಗಂಟೆ ಹೊಡೆಯಿತು. ಅಪ್ಪ ಎಳೆಯುತ್ತಿದ್ದ ಅದೇ ಹಗ್ಗ. ಹೋಗುತ್ತೇನೆ, ಕೃಪಾ. ಈ ಸಲ ಯಾರೂ ಹೊತ್ತುಕೊಂಡು ಹೋಗುತ್ತಿಲ್ಲ.

ನಿನ್ನ ಮಾವ
ಯಾಕೋಬಪ್ಪ